ತೊಂಬತ್ತೇಳಕ್ಕೆ ಕುದಿಯುವ ಊರಿನಲ್ಲಿ ಒಂದು ಆಯಿಲ್ ಮೀಟರು

ಆ ಕೆಂಪು ದೀಪ ಹತ್ತಿದ್ದು ಹೆಚ್ಚೆಂದರೆ ಮೂರು ಸೆಕೆಂಡ್ ಇರಬಹುದು. ಮೇ ತಿಂಗಳು. ಊರಿಂದ ಬೆಂಗಳೂರಿಗೆ ವಾಪಸ್ ಹೊರಟಿದ್ದೆವು. ಉಜಿರೆ ದಾಟಿ ಚಾರ್ಮಾಡಿ ಹತ್ತುವಾಗ ಕಾರಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಒಂದು ಗೋಣಿ ತೆಂಗಿನಕಾಯಿ, ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ. ಎಸಿ ಜೋರಾಗಿತ್ತು. ಮುಂದೆ ಲೋಡ್ ತುಂಬಿದ ಒಂದು ಟೆಂಪೊ. ಓವರ್‌ಟೇಕ್ ಮಾಡುವ ಮಾತೇ ಇಲ್ಲ. ಫಸ್ಟ್, ಸೆಕೆಂಡ್, ಮತ್ತೆ ಫಸ್ಟ್. ಮೇಲೆ ಹತ್ತಿ ಅಣ್ಣಪ್ಪ ಸ್ವಾಮಿಯ ಗುಡಿ ಹತ್ತಿರ ಕಾಸು ಹಾಕೋಣ ಅಂತ ನಿಲ್ಲಿಸಿದೆ. ಇಂಜಿನ್ ಐಡಲ್‌ಗೆ ಇಳಿಯಿತು. ಆಗ ಆಯಿಲ್ ಕ್ಯಾನಿನ ಚಿತ್ರದ ಆ ದೀಪ, ಇಂಜಿನ್ ಆಯಿಲ್ಲಿನ ಒತ್ತಡ ಕಮ್ಮಿಯಾದರೆ ಹತ್ತುವಂಥದ್ದು, ಮಿಣಿ ಮಿಣಿ ಅಂದಿತು. ಗಾಬರಿಯಾಗಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದೆ. ಆರಿತು. ಬಿಟ್ಟೆ, ಮತ್ತೆ ಮಿಣುಕಿತು. ತಕ್ಷಣ ಇಂಜಿನ್ ಆಫ್ ಮಾಡಿದೆ.

ಅಷ್ಟು ಹೊತ್ತೂ ನೀರಿನ ಟೆಂಪರೇಚರ್ ಮುಳ್ಳು ಎಲ್ಲಿತ್ತು ಗೊತ್ತಾ? ಸರಿಯಾಗಿ ಮಧ್ಯದಲ್ಲಿ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಎಲ್ಲಿರುತ್ತದೋ ಅಲ್ಲೇ. ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಕೆಂಪು ದೀಪಕ್ಕಿಂತ ಜಾಸ್ತಿ ಈ ಮುಳ್ಳೇ. (ಕಾರಿನ ಹೆಸರು ಹೇಳಲ್ಲ. 2012ರ ಮಾಡೆಲ್, 1.2 ಲೀಟರಿನ ಪೆಟ್ರೋಲ್ ಇಂಜಿನ್ ಅಂದರೆ ಸಾಕು. ಮುಂದೆ ಓದಿದರೆ ತಪ್ಪು ಅದರದ್ದಲ್ಲ ಅಂತ ನಿಮಗೇ ಗೊತ್ತಾಗುತ್ತೆ.)

ಅರ್ಧ ಗಂಟೆ ಬಿಟ್ಟು ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಕಮ್ಮಿ ಇರಲಿಲ್ಲ. ಮೇಲಿನ ಗುರುತಿಗಿಂತ ಒಂಚೂರು ಜಾಸ್ತಿಯೇ ಇತ್ತು. ಸಮಾಧಾನವಾಯಿತು. ನಿಧಾನಕ್ಕೆ ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆ ತಿಂದೆವು. ದೀಪ ಮತ್ತೆ ಹತ್ತಲಿಲ್ಲ. ಆ 'ಒಂಚೂರು ಜಾಸ್ತಿ'ಯ ಮೇಲೆ ನಾನು ಅವತ್ತೇ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ದೋಸೆ ಚೆನ್ನಾಗಿತ್ತು.

ಬೆಂಗಳೂರಿಗೆ ಬಂದ ಮೇಲೆ ನಮ್ಮ ಮೇಸ್ತ್ರಿ ಹತ್ತಿರ ಬಿಟ್ಟೆ. ಅವರು ಡಿಪ್‌ಸ್ಟಿಕ್ ಎಳೆದರು. ಎರಡು ಬೆರಳ ಮಧ್ಯೆ ಆಯಿಲ್ ತಿಕ್ಕಿದರು, ಮೂಗಿಗೆ ಹಿಡಿದರು. "ಸಾರ್, ಆಯಿಲ್ ತೆಳ್ಳಗಾಗೋಗಿದೆ. ಪೆಟ್ರೋಲ್ ವಾಸ್ನೆ ಬೇರೆ ಬರ್ತಾ ಇದೆ" ಅಂದರು. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಬಿಲ್ ಕೊಟ್ಟರು. ಅವರ ಪ್ರಕಾರ ಕತೆ ಮುಗಿದಿತ್ತು. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಆ ಘಾಟಿಯಲ್ಲಿ ಆಯಿಲ್ ಎಷ್ಟು ಬಿಸಿಯಾಗಿತ್ತು?

ಅಲ್ಲಾಡದ ಮುಳ್ಳು

ಒಂದು ಸಣ್ಣ ಓಬಿಡಿ ಡಾಂಗಲ್ ಇತ್ತು, ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಫೋನಿಗೆ ಕಳಿಸುವಂಥದ್ದು. ಮೊದಲು ಅದನ್ನೇ ಚುಚ್ಚಿ ನೋಡಿದೆ. ಫೋನಿನಲ್ಲಿ ನೀರಿನ ಬಿಸಿ ಬಂತು. ಹೈವೇಯಲ್ಲಿ 84, ಸಿಗ್ನಲ್ಲಿನಲ್ಲಿ ಫ್ಯಾನ್ ಶುರುವಾಗುವ ಮೊದಲು 99. ಹದಿನೈದು ಡಿಗ್ರಿ ಏರಿಳಿತ. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಇದು ಕೆಟ್ಟ ಮೀಟರ್ ಅಲ್ಲ. ಬೇಕಂತಲೇ ಹಾಗೆ ಮಾಡಿರುವುದು. ಎಷ್ಟೋ ಕಾರುಗಳಲ್ಲಿ ಸುಮಾರು 80ರಿಂದ 105ರವರೆಗೆ ಮುಳ್ಳನ್ನು ಮಧ್ಯದಲ್ಲೇ ಹಿಡಿದಿಡುತ್ತಾರೆ. ಮುಳ್ಳು ಸ್ವಲ್ಪ ಅಲ್ಲಾಡಿದರೂ ಜನ ಸರ್ವೀಸ್ ಸೆಂಟರಿಗೆ ಓಡುತ್ತಾರೆ, ಅದಕ್ಕೆ. ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕೆಟ್ಟರೆ ಕೆಂಪು ದೀಪ, ನಡುವೆ ಏನೂ ಇಲ್ಲ. 1910ರ ದಶಕದಲ್ಲಿ ಬಾಯ್ಸ್ ಮೋಟೋಮೀಟರ್ ಅಂತ ಒಂದು ಥರ್ಮಾಮೀಟರ್ ಬರುತ್ತಿತ್ತು. ಅದನ್ನು ಬಾನೆಟ್ಟಿನ ತುದಿಗೆ, ರೇಡಿಯೇಟರ್ ಮುಚ್ಚಳದ ಮೇಲೆ ಕೂರಿಸುತ್ತಿದ್ದರು. ಡ್ರೈವರ್ ಅಷ್ಟು ದೂರದಿಂದ ಕಣ್ಣು ಕಿರಿದು ಮಾಡಿ ಅದರ ಕೆಂಪು ಗೆರೆ ನೋಡಬೇಕಿತ್ತು. ಪಾಪ ಅನ್ನಿಸಿದರೂ, ಅವರಿಗೆ ನಿಜ ಗೊತ್ತಿತ್ತು ಅಲ್ವಾ.

ಡಾಂಗಲ್ಲಿನಲ್ಲಿ ಆಯಿಲ್ ಬಿಸಿ ಬರಲಿಲ್ಲ. ಬರುವುದೂ ಇಲ್ಲ. ಅದನ್ನು ಕೇಳುವ ಕೋಡ್ ಇದೆ, ಆದರೆ ಉತ್ತರ ಕೊಡಲು ಇಂಜಿನ್ನಿನಲ್ಲಿ ಸೆನ್ಸರ್ ಇರಬೇಕಲ್ಲ. ನಮ್ಮಂಥವರ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಹಳೇ ಪೋರ್ಷೆ 911ರಲ್ಲಿ ಡ್ಯಾಶ್‌ಬೋರ್ಡಿನಲ್ಲೇ ಆಯಿಲ್ ಟೆಂಪರೇಚರ್ ಮೀಟರ್ ಇತ್ತು. ಅದು ಗಾಳಿಯಿಂದಲೇ ತಣ್ಣಗಾಗುವ ಇಂಜಿನ್. ನೀರೇ ಇಲ್ಲದ ಮೇಲೆ ಇನ್ಯಾವುದರ ಬಿಸಿ ತೋರಿಸುವುದು? ನಮಗೆ ಬೇಕಿದ್ದರೆ ಹೊರಗಿಂದ ತಂದು ಹಾಕಿಸಿಕೊಳ್ಳಬೇಕು.

ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಮೀಟರ್ ಸಿಕ್ಕಿತು. 52 ಮಿಲಿಮೀಟರಿನ ದುಂಡು ಮೀಟರ್, 50ರಿಂದ 150 ಡಿಗ್ರಿವರೆಗೆ ಮುಳ್ಳು, ಒಳಗೆ ಪುಟ್ಟದಾಗಿ ಅಂಕಿಯೂ ಬರುತ್ತದೆ. ಜೊತೆಗೆ ಒಂದು ವೈರಿನ ಸೆನ್ಸರ್. ಅಂಗಡಿಯವರು ಕಾರು ಯಾವುದು ಅಂತ ಕೇಳಿದರು. ಹೇಳಿದೆ. ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು. "ರೇಸಿಂಗಾ ಸಾರ್?" ಅಂತ ಕೇಳಿದರು. "ಇಲ್ಲ, ಮಗಳನ್ನ ಸ್ಕೂಲಿಗೆ ಬಿಡೋಕೆ" ಅಂದೆ. ಅವರು ನಗಲಿಲ್ಲ. ಅದೇ ದೊಡ್ಡ ವಿಷಯ.

ಅಡುಗೆಮನೆಯಲ್ಲಿ

ಕಾರಿಗೆ ಹಾಕುವ ಮೊದಲು ಸೆನ್ಸರ್ ಸರಿ ಇದೆಯಾ ಅಂತ ನೋಡಬೇಕಿತ್ತು. ಅದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಕುದಿಯುವ ನೀರು. ಯುಪಿಎಸ್ಸಿನಿಂದ ಬಿಚ್ಚಿದ 12 ವೋಲ್ಟಿನ ಬ್ಯಾಟರಿಯನ್ನು ಗ್ಯಾಸ್ ಕಟ್ಟೆಯ ಮೇಲೆ ಇಟ್ಟೆ. ಮೀಟರನ್ನು ಬೇಳೆ ಡಬ್ಬಕ್ಕೆ ಒರಗಿಸಿದೆ. ಸೆನ್ಸರಿನ ಹಿತ್ತಾಳೆಯ ಮೈಗೆ ಒಂದು ಕ್ಲಿಪ್ ಕಚ್ಚಿಸಿ ಅದನ್ನು ಬ್ಯಾಟರಿಯ ಮೈನಸ್ಸಿಗೆ ಕೊಟ್ಟೆ. ಟೀ ಪಾತ್ರೆಯಲ್ಲಿ ನೀರಿಟ್ಟು, ಅದರ ತುದಿ ಮಾತ್ರ ಮುಳುಗುವ ಹಾಗೆ ಇಕ್ಕಳದಲ್ಲಿ ಹಿಡಿದು ನಿಂತೆ. ಅಮ್ಮ ಆಗ ಊರಿಂದ ಬಂದಿದ್ದರು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಎಂತ ಮಾಡ್ತಿದ್ದಿ ಮಾರಾಯ ನೀನು? ಅದು ಟೀ ಮಾಡುವ ಪಾತ್ರೆ ಅಲ್ವಾ?"

"ಬಿಸಿ ನೋಡ್ತಿದ್ದೇನೆ ಅಮ್ಮ."

"ಕುದಿಯುದು ಕಣ್ಣಿಗೆ ಕಾಣುದಿಲ್ವಾ ನಿಂಗೆ?"

ನೀರು ಗಳಗಳ ಕುದಿಯುತ್ತಿತ್ತು. ಮೀಟರ್ 95, 96, 97 ಅಂತ ಏರಿ ಅಲ್ಲೇ ನಿಂತಿತು. ಉರಿ ಜೋರು ಮಾಡಿದೆ. 97. ಐದು ನಿಮಿಷ ಕಾದೆ. 97. ಮೂರು ಡಿಗ್ರಿ ತಪ್ಪು ತೋರಿಸುತ್ತಿದೆ, ದುಡ್ಡು ಹೋಯಿತು ಅಂತ ಬೈದುಕೊಂಡೆ. ಅಂಗಡಿಗೆ ಫೋನ್ ಮಾಡಲು ಹೊರಟವನಿಗೆ ಆಮೇಲೆ ತಲೆ ಓಡಿತು. ನೀರು 100ಕ್ಕೆ ಕುದಿಯುವುದು ಸಮುದ್ರ ಮಟ್ಟದಲ್ಲಿ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಮ್ಮಿ, ನೀರು 97ರ ಹತ್ತಿರವೇ ಕುದಿದುಬಿಡುತ್ತದೆ. ಆಮೇಲೆ ಎಷ್ಟು ಉರಿ ಕೊಟ್ಟರೂ ಆವಿಯಾಗುತ್ತದೆಯೇ ಹೊರತು ಇನ್ನೂ ಬಿಸಿಯಾಗುವುದಿಲ್ಲ. ಮೀಟರ್ ಸರಿಯಾಗಿಯೇ ಇತ್ತು. ಶಾಲೆಯಲ್ಲಿ ಓದಿದ್ದನ್ನು ಮರೆತಿದ್ದು ನಾನು.

ಅಮ್ಮನಿಗೆ ಇದನ್ನು ಹೇಳಿದೆ. ಅವರು ಇಕ್ಕಳದ ತುದಿಯಲ್ಲಿದ್ದ ಹಿತ್ತಾಳೆ ತುಂಡನ್ನೇ ನೋಡುತ್ತಾ ನಿಂತರು. "ಹಾಗಾದ್ರೆ ಇಲ್ಲಿ ಕುಚ್ಚಲಕ್ಕಿ ಬೇಯುದಕ್ಕೆ ಅಷ್ಟು ಹೊತ್ತು ಬೇಕಾಗುದು ಇದಕ್ಕೇಯಾ?" ಅಂದರು. ಅಮ್ಮ ಬೆಂಗಳೂರಿಗೆ ಬಂದಾಗಲೆಲ್ಲ ಒಂದೇ ದೂರು. ಇಲ್ಲಿಯ ಗ್ಯಾಸಿಗೆ ಬಲ ಇಲ್ಲ, ಅನ್ನ ಬೇಯುವುದೇ ಇಲ್ಲ. ಅವರಿಗೆ ಕುಚ್ಚಲಕ್ಕಿ ಕುಕ್ಕರಿನಲ್ಲಿ ಆಗುವುದಿಲ್ಲ, ತೆರೆದ ಪಾತ್ರೆಯಲ್ಲೇ ಬೇಯಿಸಿ ಗಂಜಿ ಬಸಿಯಬೇಕು. ನಾವೆಲ್ಲ 'ಹೌದೌದು' ಅಂತ ತಲೆಯಾಡಿಸಿ ಸುಮ್ಮನಾಗುತ್ತಿದ್ದೆವು. ಹತ್ತು ವರ್ಷದಿಂದ ಅವರು ಹೇಳುತ್ತಿದ್ದದ್ದು ಸರಿಯಾಗಿಯೇ ಇತ್ತು. ಗ್ಯಾಸಿನ ಬಲವಲ್ಲ, ಗಾಳಿಯ ಬಲ. ಕುಕ್ಕರ್ ಮಾಡುವುದೂ ಅದನ್ನೇ, ಒತ್ತಡ ಏರಿಸಿ ನೀರನ್ನು 100 ದಾಟಿಸುತ್ತದೆ.

ಒಂದು ಮಿಲಿಮೀಟರಿನೊಳಗೆ

ಸೆನ್ಸರನ್ನು ಎಲ್ಲಿ ಕೂರಿಸುವುದು ಅನ್ನುವುದಕ್ಕೆ ಎರಡು ದಾರಿ. ಒಂದು, ಕೆಳಗೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಜಾಗದಲ್ಲಿ. ನಮ್ಮ ರಸ್ತೆಗಳ ಹಂಪು ನೋಡಿದವರು ಯಾರೂ ಅಲ್ಲಿ ಒಂದು ಸೆನ್ಸರ್ ನೇತುಹಾಕಲ್ಲ. ಇನ್ನೊಂದು, ಆಯಿಲ್ ಫಿಲ್ಟರಿಗೂ ಇಂಜಿನ್ನಿಗೂ ನಡುವೆ ಒಂದು ಅಲ್ಯೂಮಿನಿಯಂ ಪ್ಲೇಟ್. ಅದಕ್ಕೆ ಸ್ಯಾಂಡ್‌ವಿಚ್ ಪ್ಲೇಟ್ ಅಂತಲೇ ಹೆಸರು. ಆಯಿಲ್ ಅದರ ಮೂಲಕ ಹರಿದು ಫಿಲ್ಟರಿಗೆ ಹೋಗುತ್ತದೆ, ಪಕ್ಕದ ತೂತಿನಲ್ಲಿ ಸೆನ್ಸರ್ ಕೂರುತ್ತದೆ. ಆನ್‌ಲೈನಿನಲ್ಲಿ ತರಿಸಿದೆ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಕಾರಿನಡಿಯಲ್ಲಿ ಮಲಗಿದ್ದರು. ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಟಾರ್ಚ್ ಹಿಡಿದಿದ್ದೆ. ಹಳೇ ಫಿಲ್ಟರ್ ಬಿಚ್ಚಿದರು, ಪ್ಲೇಟ್ ಇಟ್ಟರು, ನಡುವಿನ ಅಡಾಪ್ಟರನ್ನು ಕೈಯಲ್ಲೇ ತಿರುಗಿಸಿದರು. ಅರ್ಧ ಸುತ್ತು ಹೋಯಿತು, ಕಚ್ಚಿಕೊಂಡಿತು. "ಸ್ಪ್ಯಾನರ್ ಹಾಕಿ ನೋಡಿ ಮೇಸ್ತ್ರಿ, ಹೊಸದಲ್ವಾ, ಬಿಗಿ ಇರತ್ತೆ" ಅಂದೆ. ಅವರು ಕೆಳಗಿಂದಲೇ "ಬೇಡ ಸಾರ್" ಅಂದರು. ಈಚೆ ಬಂದು ಅಡಾಪ್ಟರನ್ನು ಬಿಸಿಲಿಗೆ ಹಿಡಿದು, ಒಳಗಿನ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಉಗುರು ಆಡಿಸಿದರು. "ಇದು ಇಂಚಿಂದು. ನಮ್ಮದು ಎಂಎಂ. ಇದನ್ನ ಜೋರು ಮಾಡಿದ್ರೆ ಇಂಜಿನ್ ನಿಪ್ಪಲ್ಲೇ ಹೋಯ್ತು, ಆಮೇಲೆ ನನ್ನ ಬೈಬೇಡಿ." ನಮ್ಮ ಕಾರಿನದು 20 ಮಿಲಿಮೀಟರ್, ಮರೆಗಳ ಅಂತರ 1.5. ಬಂದದ್ದು ಮುಕ್ಕಾಲು ಇಂಚಿನದು, ಅಂದರೆ 19.05 ಮಿಲಿಮೀಟರ್, ಒಂದು ಇಂಚಿಗೆ 16 ಮರೆ. ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ವರ್ನಿಯರ್ ತಂದು ಅಳೆದ ಮೇಲಷ್ಟೇ ನನಗೆ ಕಂಡದ್ದು ಅವರ ಉಗುರಿಗೆ ಮೊದಲೇ ಗೊತ್ತಾಗಿತ್ತು. ಪ್ಲೇಟ್ ವಾಪಸ್ ಕಳಿಸಿ ಬೇರೆ ತರಿಸಲು ಹತ್ತು ದಿನ ಹಿಡಿಯಿತು.

ಎರಡನೇ ಸಲ ಎಲ್ಲ ಸಲೀಸಾಗಿ ಕೂತಿತು. ವೈರನ್ನು ಸೈಲೆನ್ಸರ್ ಪೈಪಿನಿಂದ ದೂರಕ್ಕೆ ಎಳೆದು, ಸ್ಲೀವ್ ಹಾಕಿ, ಕ್ಲಚ್ ಪೆಡಲ್ ಮೇಲಿನ ರಬ್ಬರ್ ಗ್ರಾಮೆಟ್ ಮೂಲಕ ಒಳಗೆ ತಂದೆವು. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನಿಂದ ಲೈನ್ ತೆಗೆದೆವು. ಮೀಟರ್ ಸ್ಟೀರಿಂಗಿನ ಬಲಗಡೆ ಕೂತಿತು. ಸಂಜೆ ಮೈಸೂರು ರಸ್ತೆಯಲ್ಲಿ 25 ಕಿಲೋಮೀಟರ್ ಓಡಿಸಿದೆ. ಮೀಟರ್ 62ಕ್ಕೆ ಹೋಗಿ ನಿಂತಿತು. ಅಷ್ಟು ಓಡಿದ ಇಂಜಿನ್ನಿಗೆ ಅದು ತೀರಾ ಕಮ್ಮಿ.

ಅಡುಗೆಮನೆಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಂತು. ಸೆನ್ಸರ್ ಸರಿ ಇದೆ ಅಂತ ಗೊತ್ತಿತ್ತು. ಹಾಗಾದರೆ ಏನು? ಈ ಸೆನ್ಸರಿಗೆ ಒಂದೇ ವೈರು. ವಾಪಸ್ ದಾರಿ ಅದರ ಹಿತ್ತಾಳೆ ಮೈಯಿಂದ ಪ್ಲೇಟಿಗೆ, ಪ್ಲೇಟಿನಿಂದ ಇಂಜಿನ್ನಿಗೆ. ಮೇಸ್ತ್ರಿ ಒಳ್ಳೆಯ ಮನಸ್ಸಿನಿಂದ ಸೆನ್ಸರಿನ ಮರೆಗೆ ನಲ್ಲಿಗೆ ಸುತ್ತುವ ಹಾಗೆ ನಾಲ್ಕು ಸುತ್ತು ಟೆಫ್ಲಾನ್ ಟೇಪ್ ಸುತ್ತಿದ್ದರು. ಸಾಲದ್ದಕ್ಕೆ ಆ ಪ್ಲೇಟಿನ ಮೇಲೆ ಆನೊಡೈಸಿಂಗ್ ಅನ್ನುವ ಬಣ್ಣದ ಪದರ ಇತ್ತು. ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ನೋಡೋಕೆ ಮಾತ್ರ ಚೆಂದ. ಬಿಸಿಯಾದಷ್ಟೂ ಈ ಸೆನ್ಸರಿನ ರೆಸಿಸ್ಟೆನ್ಸ್ ಕಮ್ಮಿಯಾಗುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ರೆಸಿಸ್ಟೆನ್ಸ್ ಜಾಸ್ತಿಯಾದಂತೆ ಕಾಣುತ್ತದೆ, ಮೀಟರ್ ಕಮ್ಮಿ ಬಿಸಿ ತೋರಿಸುತ್ತದೆ. ಅಂದರೆ ಈ ತಪ್ಪು ಯಾವಾಗಲೂ ನಮ್ಮನ್ನು ಸಮಾಧಾನ ಮಾಡುವ ಕಡೆಗೇ ವಾಲುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಇನ್ನೊಂದು ಸುಳ್ಳು ಮುಳ್ಳು ಹಾಕಿಸಿಕೊಂಡ ಹಾಗಾಗಿತ್ತು. ಟೇಪ್ ತೆಗೆಸಿ, ಪ್ಲೇಟಿನ ಒಂದು ಮೂಲೆ ಉಜ್ಜಿ, ಅಲ್ಲಿಂದ ಇಂಜಿನ್ ಬ್ಲಾಕಿಗೆ ಒಂದು ಗೇಣು ಅರ್ಥ್ ವೈರ್ ಕೊಟ್ಟೆವು. ಅದೇ ರಸ್ತೆ, ಅದೇ ವೇಗ. 91.

ತಣ್ಣಗಿನ ಇಂಜಿನ್

ಮೀಟರ್ ಹಾಕಿಸಿದ್ದು ಬಿಸಿಗೆ ಹೆದರಿ. ಅದು ತೋರಿಸಿದ್ದು ಬೇರೆಯೇ.

ಮಗಳ ಶಾಲೆ ಮನೆಯಿಂದ ಎರಡೂವರೆ ಕಿಲೋಮೀಟರ್. ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟಾಗ ಚಳಿ ಇತ್ತು. ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, 50ಕ್ಕಿಂತ ಕೆಳಗೆ ಅದು ಎರಡು ಗೆರೆ ತೋರಿಸುತ್ತದೆ. ನಾಲ್ಕೈದು ನಿಮಿಷಕ್ಕೆ ನೀರಿನ ಮುಳ್ಳು ಮಧ್ಯಕ್ಕೆ ಬಂದು ಕೂತಿತು, ಎಲ್ಲ ಸರಿಯಾಗಿದೆ ಅನ್ನುವ ಹಾಗೆ. ಆಯಿಲ್ ಮೀಟರಿನಲ್ಲಿ ಇನ್ನೂ ಎರಡು ಗೆರೆ. ಶಾಲೆಯ ಗೇಟಿನ ಮುಂದೆ 51. ವಾಪಸ್ ಬಂದು ಮನೆ ಮುಂದೆ ನಿಲ್ಲಿಸುವಾಗ 64. ಮತ್ತೆ ಅರ್ಥಿಂಗ್ ಹೋಯಿತಾ ಅಂತ ಮಲ್ಟಿಮೀಟರ್ ಇಟ್ಟು ನೋಡಿದೆ. ಇಲ್ಲ, ಸರಿಯಾಗಿತ್ತು. ಮಧ್ಯಾಹ್ನ ಕರೆದುಕೊಂಡು ಬರುವಾಗ ಅದೇ ಕತೆ. ತರಕಾರಿಗೆ ಹೋದರೆ ಅದೇ. ಒಂದು ವಾರ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟೆ. ಏಳು ದಿನದಲ್ಲಿ ಆಯಿಲ್ ಒಂದು ಸಲವೂ 75 ದಾಟಲಿಲ್ಲ.

ಇದರಿಂದ ಏನಾಗುತ್ತದೆ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಲ್ಲಿ ಆವಿಯಾಗಿ ಹೋಗುತ್ತದೆ. ಒಂಚೂರು ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ಲಿಗೆ ಸೇರುತ್ತದೆ. ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಕೊಡಬೇಕು. ಅದರಲ್ಲಿ ಉರಿಯದೆ ಉಳಿದದ್ದೂ ಅದೇ ದಾರಿಯಲ್ಲಿ ಇಳಿಯುತ್ತದೆ. ಆಯಿಲ್ 100ರ ಹತ್ತಿರ ಹೋಗಿ ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಎರಡೂ ಆವಿಯಾಗಿ ಹೊರಗೆ ಹೋಗುತ್ತವೆ. ಹೋಗದಿದ್ದರೆ ಉಳಿಯುತ್ತವೆ. ದಿನಾ ಒಂದಿಷ್ಟು. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥದ್ದು ಕಟ್ಟಿರುವುದನ್ನು ನಾನು ಹಿಂದಿನ ಚಳಿಗಾಲದಲ್ಲೇ ನೋಡಿದ್ದೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನೊಳಗೆ ನೀರೂ ಆಯಿಲ್ಲೂ ಬೆರೆಯದ ಹಾಗೆ ತಡೆಯುವ ಸೀಲು) ಹೋಯಿತು ಅಂತ ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೆ. ಅದು ನೀರೂ ಆಯಿಲ್ಲೂ ಕಡೆದುಕೊಂಡದ್ದು, ಅಷ್ಟೇ.

ಡಿಪ್‌ಸ್ಟಿಕ್ಕಿನ ಆ 'ಒಂಚೂರು ಜಾಸ್ತಿ' ಈಗ ಅರ್ಥವಾಯಿತು. ಆಯಿಲ್ ತಾನಾಗಿ ಏರುವುದಿಲ್ಲ. ಅದಕ್ಕೆ ಪೆಟ್ರೋಲ್ ಸೇರಿತ್ತು. ಮೇಸ್ತ್ರಿ ಮೂಗಿಗೆ ಹಿಡಿದು ಹೇಳಿದ್ದೂ ಅದನ್ನೇ, ನಾನು ಕೇಳಿಸಿಕೊಳ್ಳಲಿಲ್ಲ. ಗಾಡಿ ಕಮ್ಮಿ ಓಡಿದೆ, ಆಯಿಲ್ ಆಮೇಲೆ ಬದಲಾಯಿಸಿದರಾಯಿತು ಅಂತ ಒಂದೂವರೆ ವರ್ಷ ತಳ್ಳಿದ್ದೆ. ಕಾರಿನ ಮ್ಯಾನ್ಯುಯಲ್ಲಿನಲ್ಲಿ ಬರೀ ಸಣ್ಣ ಓಡಾಟವನ್ನು ಕಷ್ಟದ ಬಳಕೆ ಅಂತ ಕರೆದು, ಆಯಿಲ್ ಬೇಗ ಬದಲಾಯಿಸಿ ಅಂತ ಬರೆದಿದೆ. ಆ ಪುಟ ಓದಿದವರು ಕೈ ಎತ್ತಿ. 30ರ ಗ್ರೇಡಿನ ಆಯಿಲ್ 40 ಡಿಗ್ರಿಯಲ್ಲಿ ಎಷ್ಟು ದಪ್ಪ ಇರುತ್ತದೋ, 100ರಲ್ಲಿ ಅದರ ಐದಾರನೇ ಒಂದು ಪಾಲಿಗೆ ಇಳಿಯುತ್ತದೆ. ಅದು ಸಹಜ, ಇಂಜಿನ್ ಮಾಡಿರುವುದೇ ಅದಕ್ಕೆ. ಮೊದಲೇ ಪೆಟ್ರೋಲ್ ಸೇರಿ ತೆಳ್ಳಗಾದದ್ದನ್ನು ಘಾಟಿಯಲ್ಲಿ ಕಾಯಿಸಿ, ಆಮೇಲೆ ಐಡಲ್‌ಗೆ ಬಿಟ್ಟರೆ ಪಂಪ್ ಎಲ್ಲಿಂದ ಒತ್ತಡ ತರಬೇಕು? ದೀಪ ಹತ್ತಿದ್ದು ಚಾರ್ಮಾಡಿಯಲ್ಲಿ. ಕೆಟ್ಟದ್ದು ಶಾಲೆಯ ಗೇಟಿನ ಮುಂದೆ, ಒಂದೂವರೆ ವರ್ಷ, ದಿನಕ್ಕೆರಡು ಸಲ.

ಮತ್ತೆ ಚಾರ್ಮಾಡಿ

ಏಪ್ರಿಲ್‌ನಲ್ಲಿ ಮತ್ತೆ ಅದೇ ಘಾಟಿ ಹತ್ತಿದೆವು. ಹೊಸ ಆಯಿಲ್, ಅದೇ ನಾಲ್ಕು ಜನ, ಹಲಸು ಒಂದೇ. ಹಿಂದಿನ ಸೀಟಿನಿಂದ ಮಗಳು ಪ್ರತಿ ತಿರುವಿಗೂ "ಅಪ್ಪಾ, ಎಷ್ಟಾಯ್ತು?" ಅಂತ ಕೇಳುತ್ತಿದ್ದಳು. ಕೆಳಗೆ 96. ನಾಲ್ಕನೇ ತಿರುವಿಗೆ 104. ಆಮೇಲೆ 109, 114. ಹೆಂಡತಿ "ರೀ, ನೀವು ರೋಡ್ ನೋಡಿ, ನಾನು ಅದನ್ನ ನೋಡ್ತೀನಿ" ಅಂದಳು. ನ್ಯಾಯವಾದ ಮಾತು. ಒಂದು ಮೀಟರ್ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಇದು ಇದರ ದೊಡ್ಡ ತೊಂದರೆ. 118ಕ್ಕೆ ನಿಂತಿತು. ಅದೂ ಏರು ಮುಗಿದ ಮೇಲೆ. ಆಯಿಲ್ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಸದ್ಯದ ಕಷ್ಟವನ್ನಲ್ಲ, ಐದು ನಿಮಿಷ ಹಿಂದಿನದನ್ನು ತೋರಿಸುತ್ತದೆ. 118 ಹೆದರುವ ಅಂಕಿಯೇನಲ್ಲ. 130 ದಾಟಿ ಅಲ್ಲೇ ನಿಂತರೆ ಚಿಂತೆ ಮಾಡಬೇಕು. ಹತ್ತು ಡಿಗ್ರಿ ಏರಿದರೆ ಆಯಿಲ್ ಹಾಳಾಗುವ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಅನ್ನುವುದು ಒಂದು ಅಂದಾಜಿನ ಲೆಕ್ಕ. ಅಣ್ಣಪ್ಪನ ಗುಡಿ ಹತ್ತಿರ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟು ಕಾದೆ. ದೀಪ ಹತ್ತಲಿಲ್ಲ. ಮಗಳು ಎರಡು ಸಲ ಕಾಸು ಹಾಕಿದಳು.

ಈಗ ಶಾಲೆಗೆ ಸ್ಕೂಟರಿನಲ್ಲಿ ಹೋಗುತ್ತೇವೆ. (ಸ್ಕೂಟರಿನ ಆಯಿಲ್ ಎಷ್ಟು ಬಿಸಿಯಾಗುತ್ತೆ ಅಂತ ದಯವಿಟ್ಟು ಕೇಳಬೇಡಿ.) ಭಾನುವಾರ ಕಾರನ್ನು ಬಿಡದಿವರೆಗೆ ಓಡಿಸಿಕೊಂಡು ಹೋಗಿ ತಟ್ಟೆ ಇಡ್ಲಿ ತಿಂದು ಬರುವುದು ರೂಢಿಯಾಗಿದೆ. ಆಯಿಲ್ ಕಾಯಿಸೋಕೆ ಅಂತ ನಾನು ಹೇಳುತ್ತೇನೆ. ಮನೆಯಲ್ಲಿ ಯಾರೂ ನಂಬುವುದಿಲ್ಲ. ಕೆಂಗೇರಿ ದಾಟುವಾಗ 90 ಬರುತ್ತದೆ.

ಹೋದ ವಾರ ಅಮ್ಮ ಯಾರದ್ದೋ ಕೈಯಲ್ಲಿ ಕುಚ್ಚಲಕ್ಕಿ ಕಳಿಸಿದ್ದರು. ತಲುಪಿತು ಅಂತ ಹೇಳಲು ಫೋನ್ ಮಾಡಿದೆ. "ರಾತ್ರಿಯೇ ನೆನೆಹಾಕಿಡು ಮಾರಾಯ" ಅಂದರು, "ಅಲ್ಲಿ ತೊಂಬತ್ತೇಳರಲ್ಲಿ ಬೇಯಬೇಕಲ್ಲ ಅದು."